ಸತ್ತವರ ಲೆಕ್ಕಕ್ಕೆ ಸಾಕ್ಷಿ ಯಾರು?

ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಪೊಲೀಸರ ಗುಂಡಿಗೆ ಎಷ್ಟು ಜನ ಸತ್ತರು? ಗೌರಿಬಿದನೂರು ಕಡೆ ಕೇಳಿದರೆ ಒಬ್ಬರು 32 ಅನ್ನುತ್ತಾರೆ, ಇನ್ನೊಬ್ಬರು 35 ಅನ್ನುತ್ತಾರೆ. ಸರ್ಕಾರದ ಕಡೆಯ ಲೆಕ್ಕ 10ರ ಆಸುಪಾಸಿನದು. ಎಂಬತ್ತೇಳು ವರ್ಷ ದಾಟಿದರೂ ಈ ಅಂಕಿಗಳು ಒಂದಕ್ಕೊಂದು ಮುಖ ಕೊಟ್ಟು ಮಾತಾಡಿಲ್ಲ. ಪಠ್ಯಪುಸ್ತಕ, ಪ್ರವಾಸಿ ಕೈಪಿಡಿ, ಏಪ್ರಿಲ್ ತಿಂಗಳ ಭಾಷಣ, ಎಲ್ಲವೂ ತಮಗೆ ಸಿಕ್ಕ ಅಂಕಿಯನ್ನು ಹಿಡಿದುಕೊಂಡು ಹೋಗುತ್ತಿವೆ. ಅದಕ್ಕೆ ನನ್ನ ದೊಡ್ಡ ತಕರಾರಿಲ್ಲ. ಭಾಷಣಕಾರ ಅಡಿಟಿಪ್ಪಣಿ ಕೊಡಬೇಕೆಂದು ಯಾರೂ ಕೇಳುವುದಿಲ್ಲ. ನನ್ನ ತಕರಾರಿರುವುದು ಇದೇ ಅಂಕಿಗಳನ್ನು ಅದೇ ಉದಾಸೀನದಿಂದ ಅಚ್ಚು ಹಾಕಿ, ಮೇಲೆ ‘ಪೀರ್ ರಿವ್ಯೂಡ್ ಅಂತಾರಾಷ್ಟ್ರೀಯ ಸಂಶೋಧನಾ ಪತ್ರಿಕೆ’ ಎಂದು ಹೆಸರು ಬರೆದುಕೊಳ್ಳುವವರ ಬಗ್ಗೆ.

ನಾನು ಈ ಭಾಗದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಸ್ಥಳೀಯ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುವ ಹುಡುಗ ಹುಡುಗಿಯರು ಆಗಾಗ ಮಾತಾಡಲು ಬರುತ್ತಾರೆ. ಅವರ ಫೋನುಗಳಲ್ಲಿ ನಾನು ನೋಡುವ ವಾಟ್ಸ್‌ಆ್ಯಪ್ ಸಂದೇಶಗಳ ಧಾಟಿ ಒಂದೇ: ಲೇಖನ ಕಳಿಸಿ, ಮೂರು ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಇದೆ, ಪ್ರಮಾಣಪತ್ರ ಉಚಿತ, ಕನ್ನಡ, ಇಂಗ್ಲಿಷ್, ವಾಣಿಜ್ಯ, ಗ್ರಂಥಾಲಯ ವಿಜ್ಞಾನ, ದೈಹಿಕ ಶಿಕ್ಷಣ, ಎಲ್ಲ ವಿಷಯಕ್ಕೂ ಸ್ವಾಗತ. ಕೊನೆಯಲ್ಲಿ ಒಂದು ಫೋನ್‌ಪೇ ನಂಬರ್. ದೈಹಿಕ ಶಿಕ್ಷಣದ ಲೇಖನವನ್ನೂ ಧ್ವಜ ಸತ್ಯಾಗ್ರಹದ ಲೇಖನವನ್ನೂ ಮೂರೇ ದಿನದಲ್ಲಿ ಪರಿಶೀಲಿಸಬಲ್ಲ ಆ ಸರ್ವಜ್ಞ ಯಾರೆಂದು ತಿಳಿಯುವ ಆಸೆ ನನಗೆ ಬಹಳ ದಿನದಿಂದ ಇದೆ.

ಪರಿಶೀಲನೆ ಅಂದರೆ ಏನು ಕೆಲಸ ಎಂಬುದಕ್ಕೆ ವಿದುರಾಶ್ವತ್ಥವನ್ನೇ ಇಟ್ಟುಕೊಳ್ಳೋಣ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿಗರು ನಿಷೇಧ ಮೀರಿ ಬಾವುಟ ಹಾರಿಸಿದರು. ಅದೇ ತಿಂಗಳ ಕೊನೆಗೆ ಉತ್ತರ ಪಿನಾಕಿನಿಯ ದಡದ ಈ ಕ್ಷೇತ್ರದಲ್ಲಿ, ನಾಗರಕಲ್ಲುಗಳ ನಡುವಿನ ಅಶ್ವತ್ಥದ ಊರಿನಲ್ಲಿ, ಸೇರಿದ ಜನರ ಮೇಲೆ ಗುಂಡು ಹಾರಿತು. ಮಹಾರಾಜರ ಸರ್ಕಾರ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಮಾಡಿತು. ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತುಕತೆಯಾಗಿ, ಮೈಸೂರು ಬಾವುಟದ ಪಕ್ಕದಲ್ಲಿ ಕಾಂಗ್ರೆಸ್ ಬಾವುಟಕ್ಕೂ ಜಾಗ ಸಿಕ್ಕಿತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ.

ಸಂಶೋಧಕನ ಕೆಲಸ ಶುರುವಾಗುವುದು ಇದರ ಆಚೆಗೆ. ಸರ್ಕಾರದ ಲೆಕ್ಕ ಸ್ಥಳದಲ್ಲೇ ಸತ್ತವರದೋ, ಆಮೇಲೆ ಗಾಯದಿಂದ ಸತ್ತವರೂ ಅದರಲ್ಲಿ ಸೇರಿದ್ದಾರೋ? ಪೊಲೀಸರ ಭಯಕ್ಕೆ ಹೆಣವನ್ನು ರಾತ್ರೋರಾತ್ರಿ ಊರಿಗೆ ಒಯ್ದ ಮನೆಗಳೇನಾದರೂ ಇದ್ದವೇ? ಈಗ ಆಂಧ್ರದಲ್ಲಿರುವ ಹಿಂದೂಪುರದ ಕಡೆಯಿಂದ ಬಂದವರನ್ನು ಯಾರು ಎಣಿಸಿದರು? 30ಕ್ಕಿಂತ ಹೆಚ್ಚಿನ ಅಂಕಿ ಮೊದಲು ಯಾವ ಕಾಗದದಲ್ಲಿ, ಯಾವ ಪತ್ರಿಕೆಯಲ್ಲಿ, ಯಾವ ಭಾಷಣದಲ್ಲಿ ಕಾಣಿಸಿತು? ಇದಕ್ಕೆಲ್ಲ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕೂರಬೇಕು. ಆ ಕಾಲದ ಪತ್ರಿಕೆಗಳ ಕಡತ ತೆಗೆಸಬೇಕು. ಹಳ್ಳಿಗಳಿಗೆ ಹೋಗಿ ಕನ್ನಡದಲ್ಲೂ ತೆಲುಗಿನಲ್ಲೂ ಮನೆತನದ ನೆನಪುಗಳನ್ನು ಕೇಳಬೇಕು. ಇಲ್ಲಿನ ಎಷ್ಟೋ ಮನೆಗಳಲ್ಲಿ ಅಳುವ ಭಾಷೆ ತೆಲುಗು, ಅರ್ಜಿ ಬರೆಯುವ ಭಾಷೆ ಕನ್ನಡ. ಇವೆರಡೂ ತಿಳಿಯದವರು ಈ ವಿಷಯದ ಲೇಖನವನ್ನು ಪರಿಶೀಲಿಸುವುದು ಹೇಗೆ?

ಒಳ್ಳೆಯ ಪತ್ರಿಕೆಯ ಸಂಪಾದಕ ಇಂಥ ಲೇಖನ ಕೈಗೆ ಬಂದಾಗ ಮಾಡುವುದು ಸರಳ. ವಿಷಯ ಬಲ್ಲ ಇಬ್ಬರಿಗೆ ಲೇಖಕನ ಹೆಸರು ತೆಗೆದು ಕಳಿಸುತ್ತಾನೆ. ಅವರು “ಈ ಅಂಕಿ ಎಲ್ಲಿಂದ ಬಂತು?” ಎಂದು ಕೇಳುತ್ತಾರೆ. ಲೇಖಕ ಉತ್ತರ ಹುಡುಕಿಕೊಂಡು ಬರುತ್ತಾನೆ, ಇಲ್ಲವೇ ವಾಕ್ಯವನ್ನು ತೆಗೆಯುತ್ತಾನೆ. ಅಷ್ಟೇ. ಈ ಒಂದು ಪ್ರಶ್ನೆಗಾಗಿಯೇ ಸಂಶೋಧನಾ ಪತ್ರಿಕೆ ಎಂಬ ವ್ಯವಸ್ಥೆ ಇರುವುದು. ಆ ಪ್ರಶ್ನೆ ಕೇಳದಿದ್ದರೆ ಅದು ಪತ್ರಿಕೆಯಲ್ಲ, ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅಂಗಡಿಯವನು ಕೂಡ ತಾನು ತಜ್ಞನೆಂದು ಬೋರ್ಡ್ ಹಾಕಿಕೊಳ್ಳುವುದಿಲ್ಲ.

ಈ ವಿಷಯದ ಮೇಲೆ ಇಂಥ ಕಡೆ ಬಂದಿರುವ ಕೆಲವು ಲೇಖನಗಳನ್ನು ಓದಿದ್ದೇನೆ. ಅಂಕಿಗೆ ಆಧಾರವೇ ಇರುವುದಿಲ್ಲ. ಇದ್ದರೂ ಅದು ಇನ್ನೊಂದು ಅಂಥದೇ ಲೇಖನ. ಅದನ್ನು ಹುಡುಕಿಕೊಂಡು ಹೋದರೆ ಒಂದು ಅಂತರ್ಜಾಲ ಪುಟ. ಅಲ್ಲಿಗೆ ದಾರಿ ಮುಗಿಯಿತು. ಆದರೆ ಮುಂದಿನ ವಿದ್ಯಾರ್ಥಿಗೆ ಇದು ಕಾಣುವುದಿಲ್ಲ. ಅವನ ಕಣ್ಣಿಗೆ ಬೀಳುವುದು ಸಂಪುಟ, ಸಂಚಿಕೆ, ಪುಟಸಂಖ್ಯೆ ಇರುವ ಗಂಭೀರವಾದ ಉಲ್ಲೇಖ. ಊರಕಟ್ಟೆಯ ಮಾತು ಹೀಗೆ ಎರಡು ಸಾವಿರ ರೂಪಾಯಿಯೊಳಗೆ ಸಾಕ್ಷ್ಯವಾಗಿಬಿಡುತ್ತದೆ. ಗುಂಡು ಹಾರಿದ್ದೇ ಉತ್ಪ್ರೇಕ್ಷೆ ಎಂದು ನಾಳೆ ಯಾರಾದರೂ ವಾದಿಸಲು ಬಂದರೆ ಅವರಿಗೆ ಬೇಕಾದ ಆಯುಧವನ್ನು ನಾವೇ ಮಸೆದು ಕೊಟ್ಟಂತಾಯಿತು. ಅಂಕಿಗಳು ಹೊಂದುವುದಿಲ್ಲ ಎಂದು ತೋರಿಸಿದರೆ ಸಾಕು, ಸತ್ತವರೇ ಸುಳ್ಳಾಗುತ್ತಾರೆ. ಪತ್ರಿಕೆಯ ಹೊಣೆ ದುಡ್ಡು ಕೊಟ್ಟ ಲೇಖಕನಿಗಷ್ಟೇ ಎಂದುಕೊಂಡವರು ಮರೆಯುವುದು ಇದನ್ನು. ಎದ್ದು ಬಂದು ಉತ್ತರ ಹೇಳಲಾಗದವರಿಗೂ ಅದು ಹೊಣೆ.

ಇದು ನಮ್ಮ ತಾಲ್ಲೂಕಿನ ಗೊಣಗಾಟ ಮಾತ್ರವಲ್ಲ. 2013ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ವರದಿಗಾರ ಬೇಕೆಂದೇ ಹುಳುಕು ತುಂಬಿದ ಒಂದು ನಕಲಿ ಲೇಖನವನ್ನು 304 ಮುಕ್ತ ಪ್ರವೇಶ ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು, 98 ತಿರಸ್ಕರಿಸಿದವು. ಭಾರತದಿಂದ ನಡೆಯುವವುಗಳಲ್ಲಿ 64 ಒಪ್ಪಿದವು, 15 ಮಾತ್ರ ಬೇಡ ಎಂದವು. 2018ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ ಯುಜಿಸಿಯ ಅನುಮೋದಿತ ಪಟ್ಟಿಯ ಪರಿಶೀಲನೆ ಬಂತು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಸೇರಿಸಿದ್ದ ಪತ್ರಿಕೆಗಳಲ್ಲಿ ಕೂಲಂಕಷವಾಗಿ ನೋಡಿದ ಮಾದರಿಯಲ್ಲಿ ನೂರಕ್ಕೆ 88ರಷ್ಟು ಕಳಪೆ ಎಂದು ಅದು ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ ಒಂದೇ ಏಟಿಗೆ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. 2019ರಲ್ಲಿ ಹೈದರಾಬಾದ್ ಮೂಲದ ಓಮಿಕ್ಸ್ ಎಂಬ ಪ್ರಕಾಶನ ಸಮೂಹಕ್ಕೆ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಮೀರಿದ ಮೊತ್ತ ಕಟ್ಟುವಂತೆ ಆದೇಶಿಸಿತು. ಪರಿಶೀಲನೆಯ ಬಗ್ಗೆ ಸಂಶೋಧಕರಿಗೆ ಸುಳ್ಳು ಹೇಳಿದ್ದು ಅದರ ಮೇಲಿನ ಆರೋಪಗಳಲ್ಲಿ ಒಂದು.

ವಿದ್ಯಾರ್ಥಿಗಳು ಪದೇ ಪದೇ ಬೀಳುವ ಒಂದು ಹಳ್ಳವನ್ನು ಇಲ್ಲೇ ತೋರಿಸಿಬಿಡುತ್ತೇನೆ. ಐಎಸ್‌ಎಸ್‌ಎನ್ ಎಂಬುದು ಗುಣಮಟ್ಟದ ಮುದ್ರೆಯಲ್ಲ. ಅದು ನಿಯತಕಾಲಿಕೆಗಳನ್ನು ಗುರುತಿಸಲು ಕೊಡುವ ಎಂಟು ಅಂಕಿಯ ಸಂಖ್ಯೆ, ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ನಂಬರ್ ಪ್ಲೇಟ್ ಇದೆ ಎಂದ ಮಾತ್ರಕ್ಕೆ ಡ್ರೈವರಿಗೆ ಗಾಡಿ ಓಡಿಸಲು ಬರುತ್ತದೆ ಎಂದಾಗುವುದಿಲ್ಲ. ಕೃತಿಚೌರ್ಯ ತಪಾಸಣೆಯ ವರದಿಯೂ ಹಾಗೇ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇಕಡಾ 10ರೊಳಗಿದ್ದರೆ ದಂಡವಿಲ್ಲ. ಗಣಕಕ್ಕೇ ಏರದ ಹಳೆಯ ಕನ್ನಡ ಪುಸ್ತಕದಿಂದ ಪುಟಗಟ್ಟಲೆ ಎತ್ತಿದರೂ ಸಾಫ್ಟ್‌ವೇರಿಗೆ ಕಾಣುವುದಿಲ್ಲ. ಸುಳ್ಳು ಅಂಕಿಯನ್ನು ಸ್ವಂತ ವಾಕ್ಯದಲ್ಲಿ ಬರೆದರಂತೂ ಹೋಲಿಕೆ ಸೊನ್ನೆ. ಯಂತ್ರಕ್ಕೆ ಕದ್ದದ್ದು ಸ್ವಲ್ಪ ತಿಳಿಯುತ್ತದೆ, ಸುಳ್ಳು ತಿಳಿಯುವುದಿಲ್ಲ. ಅದಕ್ಕೆ ಓದುವ ಮನುಷ್ಯರೇ ಬೇಕು.

ಹಾಗಾದರೆ ತಪ್ಪು ಯಾರದು? ಎಲ್ಲರೂ ಸುಲಭವಾಗಿ ಬೆರಳು ತೋರಿಸುವುದು ವಿದ್ಯಾರ್ಥಿಯ ಕಡೆಗೆ. ನಾನು ಅದನ್ನು ಒಪ್ಪುವುದಿಲ್ಲ. ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗುವಾಗ ಬಸ್ ಚಾರ್ಜಿಗೆ ಲೆಕ್ಕ ಹಾಕುವ ಹುಡುಗಿ ತನ್ನ ದುಡ್ಡು ಕೊಟ್ಟು ಪ್ರಕಟಿಸುವುದು ಹುಚ್ಚಿಗಲ್ಲ. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂದು ವರ್ಷಗಟ್ಟಲೆ ನಿಯಮ ಇಟ್ಟವರು ಯಾರು? ಯುಜಿಸಿ ಆ ಕಡ್ಡಾಯವನ್ನು 2022ರ ನಿಯಮಾವಳಿಯಲ್ಲಿ ಕೈಬಿಟ್ಟಿತು. ಆದರೆ ಅಷ್ಟು ಹೊತ್ತಿಗೆ ಅಂಗಡಿಗಳು ಬೀದಿ ತುಂಬ ತೆರೆದಿದ್ದವು. 2010ರಲ್ಲಿ ಅಧ್ಯಾಪಕರ ನೇಮಕ, ಬಡ್ತಿಗೆ ಅಂಕಗಳ ಲೆಕ್ಕ ತಂದಾಗಲೇ ಗಿರಾಕಿ ಸಿದ್ಧವಾಗಿದ್ದ. ಲೇಖನಕ್ಕೆ ಇಷ್ಟು ಅಂಕ, ಪುಸ್ತಕದ ಅಧ್ಯಾಯಕ್ಕೆ ಇಷ್ಟು, ವಿಚಾರ ಸಂಕಿರಣಕ್ಕೆ ಇಷ್ಟು. ಲೇಖನದಲ್ಲಿ ಏನಿದೆ ಎಂದು ಓದುವವರಿಗೆ ಮಾತ್ರ ಆ ಲೆಕ್ಕದಲ್ಲಿ ಜಾಗವಿರಲಿಲ್ಲ. ಹತ್ತು ಲೇಖನ ಎಣಿಸುವುದು ಗುಮಾಸ್ತನ ಕೆಲಸ, ಒಂದು ಲೇಖನ ಓದುವುದು ವಿದ್ವಾಂಸನ ಕೆಲಸ. ನಮ್ಮ ಆಯ್ಕೆ ಸಮಿತಿಗಳು ಮೊದಲನೆಯದನ್ನು ಆರಿಸಿಕೊಂಡವು.

ನನ್ನ ಸಿಟ್ಟು ಹೆಚ್ಚಾಗಿ ಇರುವುದು ಪ್ರಾಧ್ಯಾಪಕರ ಮೇಲೆ. ಈ ಪತ್ರಿಕೆಗಳ ಎರಡನೇ ಪುಟ ತೆಗೆದು ನೋಡಿ. ಸಂಪಾದಕ ಮಂಡಳಿಯಲ್ಲಿ ಹತ್ತಿಪ್ಪತ್ತು ಹೆಸರು, ಎಲ್ಲರಿಗೂ ಡಾಕ್ಟರೇಟ್. ಕೆಲವರಿಗೆ ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲ. ಗೊತ್ತಿರುವವರು ಒಂದು ಲೇಖನವನ್ನೂ ಓದಿರುವುದಿಲ್ಲ. ಆದರೂ ಸ್ವಪರಿಚಯದಲ್ಲಿ ‘ಅಂತಾರಾಷ್ಟ್ರೀಯ ಪತ್ರಿಕೆಯ ಸಂಪಾದಕ ಮಂಡಳಿ ಸದಸ್ಯರು’ ಎಂದು ಬರೆದುಕೊಳ್ಳುತ್ತಾರೆ. ವಿದ್ಯಾರ್ಥಿಯ ಲೇಖನದಲ್ಲಿ ಒಂದು ಸಾಲೂ ಬರೆಯದೆ ಎರಡನೆಯ ಲೇಖಕರಾಗುವ ಗೈಡುಗಳೂ ಇದ್ದಾರೆ. ಹೆಸರು ಹಾಕಿಕೊಂಡ ಮೇಲೆ ಹೊಣೆಯನ್ನೂ ಹೊರಬೇಕು. ಮದುವೆ ಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಹೆಸರು ಹಾಕಿಸಿಕೊಂಡು ಚಪ್ಪರಕ್ಕೆ ಬರದಿದ್ದರೆ ನೆಂಟರು ಸುಮ್ಮನೆ ಬಿಡುತ್ತಾರೆಯೇ? ವಿದ್ಯೆಯ ಮನೆಯಲ್ಲಿ ಮಾತ್ರ ನಾವು ಬಿಟ್ಟಿದ್ದೇವೆ.

ಇದಕ್ಕೆ ಬರುವ ಉತ್ತರಗಳೂ ನನಗೆ ಗೊತ್ತು. ಮೊದಲನೆಯದು: “ದೊಡ್ಡ ಪತ್ರಿಕೆಗಳು ನಮ್ಮ ಹಳ್ಳಿ ಹುಡುಗರನ್ನು ಒಳಗೆ ಬಿಡುವುದಿಲ್ಲ, ಕನ್ನಡದಲ್ಲಿ ಬರೆದರೆ ಮುಟ್ಟುವುದೂ ಇಲ್ಲ. ಇವಾದರೂ ಬಾಗಿಲು ತೆಗೆದಿವೆ.” ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಬಾಗಿಲು ತೆಗೆದು ಒಳಗೆ ಏನು ಕೊಡುತ್ತಿದ್ದಾರೆ? ಶಿಡ್ಲಘಟ್ಟದ ರೇಷ್ಮೆ ರೀಲರುಗಳ ಬದುಕಿನ ಮೇಲೆ ಒಬ್ಬ ಹುಡುಗ ಕಷ್ಟಪಟ್ಟು ಕ್ಷೇತ್ರಕಾರ್ಯ ಮಾಡಿ ಬರೆದ ಲೇಖನವೂ, ಗೈಡಿನ ಹಳೆಯ ನೋಟ್ಸನ್ನು ತಿರುಗಿಸಿ ಬರೆದ ‘ಕುವೆಂಪು ಕಾದಂಬರಿಗಳಲ್ಲಿ ಸ್ತ್ರೀ ಪಾತ್ರಗಳು: ಒಂದು ಅಧ್ಯಯನ’ವೂ ಒಂದೇ ಸಂಚಿಕೆಯಲ್ಲಿ, ಒಂದೇ ದರದಲ್ಲಿ ಬರುತ್ತವೆ. ಮೊದಲನೆಯ ಹುಡುಗನಿಗೆ ಆಗುವ ಅನ್ಯಾಯ ಯಾರಿಗೂ ಕಾಣುವುದಿಲ್ಲ. ಅವನ ಲೇಖನವನ್ನು ಗಂಭೀರವಾಗಿ ಓದಿ “ಇಲ್ಲಿ ಎಡವಿದ್ದೀಯ, ಇಲ್ಲಿ ಚೆನ್ನಾಗಿದೆ” ಎಂದು ಹೇಳುವ ಒಬ್ಬರೂ ಸಿಗಲಿಲ್ಲ. ಮುಂದೆ ನಿಜವಾದ ಸಂದರ್ಶನದಲ್ಲಿ ಆ ಪತ್ರಿಕೆಯ ಹೆಸರು ನೋಡಿಯೇ ಅವನ ಕಡತ ಬದಿಗೆ ಹೋಗುತ್ತದೆ. ಇದು ಬಡವರಿಗೆ ತೆರೆದ ಬಾಗಿಲಲ್ಲ, ಬಡವರಿಂದಲೇ ವಸೂಲಿ ಮಾಡುವ ಟೋಲ್ ಗೇಟ್.

ಎರಡನೆಯ ಉತ್ತರ: “ಪಶ್ಚಿಮದ ದೊಡ್ಡ ಪತ್ರಿಕೆಗಳೇನು ಸಾಚಾನೇ? ಅವೂ ದುಡ್ಡು ತಿನ್ನುವುದಿಲ್ಲವೇ?” ತಿನ್ನುತ್ತವೆ. ‘ನೇಚರ್’ 2021ರಿಂದ ಮುಕ್ತ ಪ್ರಕಟಣೆಗೆ 9,500 ಯೂರೋ ದರ ಇಟ್ಟಿತು. ಅದು ನಮ್ಮ ಎಷ್ಟೋ ಅತಿಥಿ ಉಪನ್ಯಾಸಕರ ವರ್ಷದ ಸಂಪಾದನೆಗಿಂತ ಹೆಚ್ಚು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಅದು ಸುಮಾರು 30 ಪ್ರಕಾಶಕರ 13,000ದಷ್ಟು ಪತ್ರಿಕೆಗಳಿಗೆ. ನಾವೇ ಬರೆದು, ನಾವೇ ಪರಿಶೀಲಿಸಿ ಕೊಟ್ಟದ್ದನ್ನು ನಾವೇ ಕೊಳ್ಳುವ ಈ ವ್ಯಾಪಾರವನ್ನು ಬೈಯಲು ನನಗೂ ಸಾಕಷ್ಟು ಮಾತಿದೆ. ಆದರೆ ಅಲ್ಲಿ ತಪ್ಪು ಮಾಡಿದರೆ ಸಿಕ್ಕಿಬೀಳುವ ದಾರಿ ಇದೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಒಂದು ಪ್ರಯೋಗಾಲಯದಿಂದ 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಪ್ರಕಟವಾದ ಲೇಖನದ ಚಿತ್ರಗಳನ್ನು ತಿರುಚಲಾಗಿದೆ ಎಂದು ಓದುಗರು ಎತ್ತಿ ತೋರಿಸಿದರು. 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ನಮ್ಮ ಮೂರು ದಿನದ ಪತ್ರಿಕೆಗಳಲ್ಲಿ ಹಿಂತೆಗೆದ ಲೇಖನವನ್ನಾಗಲಿ ‘ತಿದ್ದುಪಡಿ’ ಎಂಬ ಪುಟವನ್ನಾಗಲಿ ನಾನು ಕಂಡಿಲ್ಲ. ಅಲ್ಲಿ ಬರೆಯುವವರು ತಪ್ಪೇ ಮಾಡುವುದಿಲ್ಲ ಎಂದೇ?

ಶುಲ್ಕ ತೆಗೆದುಕೊಳ್ಳುವುದೇ ಪಾಪ ಎಂದೂ ನಾನು ಹೇಳುತ್ತಿಲ್ಲ. ಕಾಗದಕ್ಕೆ, ಅಚ್ಚಿಗೆ, ಜಾಲತಾಣಕ್ಕೆ ಖರ್ಚಿದೆ. ಒಪ್ಪಿದರೆ ಮಾತ್ರ ದುಡ್ಡು ಬರುವ ಕಡೆ ಒಪ್ಪುವ ಆಸೆ ಹುಟ್ಟುತ್ತದೆ, ತೊಡಕು ಅಲ್ಲಿದೆ. ಆ ಆಸೆಗೆ ಲಗಾಮು ಹಾಕುವುದೇ ಸಂಪಾದಕೀಯ ನೀತಿ. ಲೇಖಕರಿಂದ ಶುಲ್ಕ ಕೇಳದ ದಾರಿಯೂ ಇದೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಆ ದಾರಿಯಲ್ಲಿ ಪತ್ರಿಕೆಗಳನ್ನು ನಡೆಸಿಕೊಂಡು ಬಂದಿದೆ.

ಕನ್ನಡಕ್ಕೆ ಈ ಶಿಸ್ತು ಹೊರಗಿನಿಂದ ಆಮದಾಗಬೇಕಾದದ್ದೂ ಅಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಕೋಲಾರ ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ನಮ್ಮ ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಶಾಸನಗಳೆಲ್ಲ ಅದರಲ್ಲಿವೆ. ಅದು ಸಂಶೋಧನಾ ಪತ್ರಿಕೆಯಲ್ಲ, ಸರ್ಕಾರಿ ಪ್ರಕಟಣೆ. ಆದರೂ ನೀತಿ ನೋಡಿ: ಶಾಸನ ಯಾವ ಊರಿನಲ್ಲಿ, ಎಲ್ಲಿ ನಿಂತಿದೆ ಎಂಬುದು, ಮೂಲ ಪಾಠ, ಅನುವಾದ, ಮೂರೂ ಓದುಗನ ಮುಂದೆ. ನನ್ನನ್ನು ನಂಬಬೇಡ, ಹೋಗಿ ಕಲ್ಲನ್ನೇ ನೋಡು ಎಂಬ ಧೈರ್ಯ ಅದು. ಮುಂದೆ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಅದೇ ಸಂಪುಟಮಾಲೆಯ ಪರಿಷ್ಕರಣೆಗೆ ಕೈಹಾಕಿತು, ಹಳೆಯ ಓದುಗಳು ಅಲ್ಲಿ ತಿದ್ದಿಸಿಕೊಂಡವು. ಇದರಿಂದ ರೈಸ್ ಅವರ ಗೌರವಕ್ಕೆ ಕುಂದು ಬರಲಿಲ್ಲ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಹಲ್ಮಿಡಿ ಶಾಸನದ ಕಾಲದ ಬಗ್ಗೆ, ಒಂದೊಂದು ಪದದ ಅರ್ಥದ ಬಗ್ಗೆ ದಶಕಗಳ ಕಾಲ ವಿದ್ವಾಂಸರು ಲೇಖನಗಳಲ್ಲಿ ಜಗಳವಾಡಿದರು. ಹದಿನಾರು ಸಾಲಿನ ಒಂದು ಕಲ್ಲಿಗೆ ಅಷ್ಟು ಜಗಳ! ಮೂವತ್ತು ಜೀವಗಳ ಲೆಕ್ಕಕ್ಕೆ ಒಂದಾದರೂ ಅಂಥ ಜಗಳ ಆಗಬೇಡವೇ?

ಈ ಮಣ್ಣಿನಲ್ಲಿ ಕೂತು ಬರೆಯುವಾಗ ಎಚ್. ನರಸಿಂಹಯ್ಯನವರನ್ನು ನೆನೆಯದೆ ಇರುವುದು ಕಷ್ಟ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿ ಮಾಡಿದರು. ದೇಶದ ದೊಡ್ಡದೊಡ್ಡವರು ಕಾಲಿಗೆ ಬೀಳುತ್ತಿದ್ದ ಸತ್ಯಸಾಯಿ ಬಾಬಾ ಅವರಿಗೇ ಪತ್ರ ಬರೆದು, ಪರೀಕ್ಷೆಗೆ ಒಪ್ಪಿಕೊಳ್ಳಿ ಎಂದು ಕೇಳಿದರು. ಉತ್ತರ ಬರಲಿಲ್ಲ. ಆದರೆ ಕುಲಪತಿಯ ಕುರ್ಚಿಯಿಂದ ಪ್ರಶ್ನೆ ಕೇಳಬಹುದು ಎಂದು ಒಂದು ತಲೆಮಾರಿಗೆ ತಿಳಿಯಿತು. ಇವತ್ತು ನಮ್ಮ ಪಕ್ಕದಲ್ಲೇ ನಡೆಯುತ್ತಿರುವ ಪವಾಡ ಬೇರೆ ಥರದ್ದು: ಸೋಮವಾರ ಕಳಿಸಿದ ಲೇಖನ ಗುರುವಾರ ‘ಇಬ್ಬರು ತಜ್ಞರಿಂದ ಪರಿಶೀಲಿತ’ವಾಗಿ ಹೊರಬರುತ್ತದೆ. ಈ ಪವಾಡವನ್ನು ಪರೀಕ್ಷಿಸಲು ಸಮಿತಿ ಮಾಡುವ ಕುಲಪತಿ ಯಾರಿದ್ದಾರೆ?

ಕೇಳಲೇಬೇಕಾದ ಕಾಲ ಇದು. 2025ರ ಫೆಬ್ರವರಿಯಲ್ಲಿ ಯುಜಿಸಿ ತನ್ನ ಕೇರ್ ಪಟ್ಟಿಯನ್ನೂ ಕೈಬಿಟ್ಟಿತು. ಮಾನದಂಡಗಳನ್ನು ಸೂಚಿಸಿ, ಯಾವ ಪತ್ರಿಕೆ ಒಳ್ಳೆಯದು ಎಂದು ನಿರ್ಧರಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು. ಪಟ್ಟಿಯ ಹಿಂದೆ ಅಡಗಿ ಕೂರುವ ಅವಕಾಶ ಈಗ ಯಾರಿಗೂ ಇಲ್ಲ. ಹಾಗಾಗಿ ನಾಲ್ಕು ಮಾತು.

ಪತ್ರಿಕೆ ನಡೆಸುವವರು ಪ್ರತಿ ಲೇಖನದ ಕೊನೆಗೆ ಅದು ಬಂದ ದಿನ, ತಿದ್ದಿ ಬಂದ ದಿನ, ಒಪ್ಪಿದ ದಿನ ಅಚ್ಚು ಮಾಡಲಿ. ವರ್ಷಕ್ಕೊಮ್ಮೆ ಪರಿಶೀಲಕರ ಹೆಸರುಗಳನ್ನು ಒಟ್ಟಾಗಿ ಪ್ರಕಟಿಸಲಿ. ತಿದ್ದುಪಡಿಗೆಂದು ಒಂದು ಪುಟ ಖಾಯಂ ಇಡಲಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಪ್ರಾಧ್ಯಾಪಕರು ವರ್ಷಕ್ಕೆ ಎರಡು ಲೇಖನವನ್ನಾದರೂ ಓದಿ ಲಿಖಿತ ಅಭಿಪ್ರಾಯ ಕೊಡಲಿ, ಆಗದಿದ್ದರೆ ಇವತ್ತೇ ಪತ್ರ ಬರೆದು ಹೆಸರು ತೆಗೆಸಲಿ. ಆಯ್ಕೆ ಸಮಿತಿಗಳು ಅಭ್ಯರ್ಥಿಯಿಂದ ಪಟ್ಟಿ ಕೇಳುವ ಬದಲು ಅವರೇ ಆರಿಸಿದ ಎರಡು ಲೇಖನ ತರಿಸಿಕೊಂಡು, ಓದಿ, ಅದರ ಮೇಲೆ ಪ್ರಶ್ನೆ ಕೇಳಲಿ. ನಮ್ಮ ವಿಶ್ವವಿದ್ಯಾಲಯಗಳು ಒಂದೊಂದು ಕನ್ನಡ ಸಂಶೋಧನಾ ಪತ್ರಿಕೆಯನ್ನಾದರೂ ಲೇಖಕರಿಂದ ದುಡ್ಡು ಕೇಳದೆ, ತಡವಾದರೂ ಸರಿ, ನೆಟ್ಟಗೆ ನಡೆಸಲಿ.

ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಅನ್ನುವವರಿಗೆ ಮರಳಿ ಒಂದು ಸಂದೇಶ ಕಳಿಸಿ: “ನನ್ನ ಲೇಖನವನ್ನು ಓದುವವರು ಯಾರು?” ಉತ್ತರ ಬಾರದಿದ್ದರೆ ದುಡ್ಡನ್ನು ಉಳಿಸಿಕೊಳ್ಳಿ. ಆ ಹಣದಲ್ಲಿ ಗೌರಿಬಿದನೂರಿನಿಂದ ಬೆಂಗಳೂರಿಗೆ ಹಲವು ಸಲ ರೈಲಿನಲ್ಲಿ ಹೋಗಿಬರಬಹುದು. ಪತ್ರಾಗಾರದಲ್ಲಿ 1938ರ ಕಡತಗಳನ್ನು ಕೇಳಿ. ಅಲ್ಲಿ ಒಂದೇ ಒಂದು ಹೆಸರು, ಒಂದೇ ಒಂದು ಊರು ಹೊಸದಾಗಿ ಸಿಕ್ಕರೂ ಅದು ಹತ್ತು ಪ್ರಮಾಣಪತ್ರಕ್ಕಿಂತ ಮೇಲು. ಅದನ್ನು ಬರೆದು ತನ್ನಿ, ನಾವು ಓದುತ್ತೇವೆ, ಜಗಳವಾಡುತ್ತೇವೆ. ವಿದುರಾಶ್ವತ್ಥದಲ್ಲಿ ಬಿದ್ದವರಿಗೆ ನಾವು ಕೊಡಬೇಕಾಗಿರುವ ಲೆಕ್ಕ ಇನ್ನೂ ಬಾಕಿ ಇದೆ.